ಗೋಡೆಗೆ ಬೇಡವಾದ ಹೆಸರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತೆನೆಂದಲ್ಲ, ಬರೆಯಬಾರದೆಂದು ಹಟ ಹಿಡಿದು ಕೂತಿದ್ದೇನೆ. ಅವರು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಮಲೇಷ್ಯಾದಲ್ಲಿರುವ ನಮ್ಮ ಪುಚೊಂಗ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂತು. ಕೈಮುಗಿದ ಚಿತ್ರಗಳ ಸಾಲು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಯಾರೋ ಒಂದು ಸಲಹೆ ಕೊಟ್ಟರು. ಭಾನುವಾರದ ಕನ್ನಡ ತರಗತಿ ನಡೆಯುವ ನಮ್ಮ ಕಾಂಡೋದ, ಎಂದರೆ ಅಪಾರ್ಟ್‌ಮೆಂಟಿನ, ಕೋಣೆಗೆ ಅವರ ಹೆಸರಿಡೋಣ, ಬಾಗಿಲ ಮೇಲೆ ಒಂದು ಹಿತ್ತಾಳೆ ಫಲಕ ಹಾಕಿಸೋಣ ಎಂದು. ಸಾಲಾಗಿ ಹೆಬ್ಬೆರಳುಗಳು ಎದ್ದವು. ನಾನು ಬೇಡ ಎಂದು ಬರೆದೆ. ಯಾಕೆ ಎಂದರು. ಅವರಿಗೆ ಇಷ್ಟವಿರಲಿಲ್ಲ ಎಂದೆ. ಹೋದವರ ಇಷ್ಟ ಈಗೇಕೆ, ಇದು ನಾವು ಕೊಡುವ ಗೌರವ ಎಂದರು. ನಿಮ್ಮ ಗೌರವ ನೀವೇ ಇಟ್ಟುಕೊಳ್ಳಿ ಎಂದು ಬರೆದು ಫೋನನ್ನು ದಿಂಬಿನ ಕೆಳಗೆ ತಳ್ಳಿದೆ. ಅಂದಿನಿಂದ ಗುಂಪಿನಲ್ಲಿ ಅರ್ಧ ಜನಕ್ಕೆ ನನ್ನ ಮೇಲೆ ಮುನಿಸು. ಇರಲಿ, ಒಂದು ಕಾಲಕ್ಕೆ ಇದೇ ಜನಕ್ಕೆ ಅವರ ಮೇಲೂ ಮುನಿಸಿತ್ತು.

ಅವರು ನಮ್ಮ ಎದುರು ಮನೆಗೆ ಬಂದದ್ದು ಮಗಳು, ಅಳಿಯನ ಜೊತೆ ಇರಲು. ಲಿಫ್ಟಿನಲ್ಲಿ ಮೊದಲ ಸಲ ಸಿಕ್ಕಾಗ ನಾನು ನಮ್ಮವರ ರೂಢಿಯಂತೆ, “ನೀವು ಪಲ್ಲವಿ ಅಮ್ಮ ಅಲ್ವಾ?” ಎಂದೆ. “ಹೌದು, ಅದು ಸಂಬಂಧ. ಹೆಸರು ಬೇರೆ ಇದೆ,” ಎಂದು ತಮ್ಮ ಹೆಸರು ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, ನಮ್ಮ ಮಹಡಿ ಬರುವುದರೊಳಗೆ ನನ್ನ ಬಾಯಲ್ಲೂ ಒಮ್ಮೆ ಹೇಳಿಸಿಯೇ ಬಿಟ್ಟರು. ನನಗೆ ಒಳಗೊಳಗೇ ಉರಿಯಿತು. ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ನಮ್ಮ ದಾವಣಗೆರೆ ಕಡೆ ನಡೆಯುವ ಮಾತಲ್ಲ. ಕೊನೆಗೆ ಹೆಸರಿನ ಜೊತೆಗೊಂದು ‘ಅಮ್ಮ’ ಸೇರಿಸಿಕೊಳ್ಳುವುದೆಂದು ರಾಜಿಯಾಯಿತು. ಹೀಗೆ ಮೊದಲ ದಿನವೇ ಜಗಳದಲ್ಲಿ ಶುರುವಾದ ಸ್ನೇಹ ನಮ್ಮದು.

ಕುಳ್ಳಗಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಾಲಿಗೆ ಅಳಿಯ ಕೊಡಿಸಿದ ದಪ್ಪ ಅಡಿಯ ಓಟದ ಬೂಟು, ಹೆಗಲಿಗೆ ಬಟ್ಟೆಯ ಚೀಲ. ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಆದ ಒಂದು ಗಟ್ಟಿ ಗಂಟು. ಸಿಟ್ಟು ಬಂದಾಗ ಅವರು ಮಾತಾಡುವ ಮುಂಚೆ ಆ ಬೆರಳಿನ ತುದಿಗೆ ಮೆಲ್ಲಗೆ ಊದುತ್ತಿದ್ದರು. ಹಸಿ ಶಾಯಿ ಆರಲೆಂದು ಊದುವ ಅಭ್ಯಾಸವಂತೆ ಅದು. ಮೈಸೂರಿನ ಸರ್ವೆ ಕಚೇರಿಯಲ್ಲಿ ಅವರು ನಕ್ಷೆ ಬರೆಯುತ್ತಿದ್ದವರು. ಸರ್ವೆಯವರು ಹೊಲಗದ್ದೆ ಅಳೆದು ತಂದದ್ದನ್ನು ದೊಡ್ಡ ಹಾಳೆಯ ಮೇಲೆ ತಿದ್ದಿ, ಹಳ್ಳ, ಕೆರೆ, ಗುಡ್ಡ, ಗ್ರಾಮಗಳ ಹೆಸರನ್ನು ನಿಬ್ಬಿನಲ್ಲಿ ಒಂದೇ ಅಳತೆಯ ಅಕ್ಷರಗಳಲ್ಲಿ ಬರೆಯುವುದು ಅವರ ಕೆಲಸ. ನಿವೃತ್ತಿಯವರೆಗೂ ಅದನ್ನೇ ಮಾಡಿದರು. ಕಚೇರಿಗೆ ಕಂಪ್ಯೂಟರು ಬಂದಾಗ ಉಳಿದವರೆಲ್ಲ ಕಲಿತರು, ಇವರೂ ಕಲಿತರು. ಆದರೆ ಅದರ ಅಕ್ಷರಕ್ಕೆ ಬೆನ್ನುಮೂಳೆಯಿಲ್ಲ ಎಂದು ಕೊನೆಯವರೆಗೂ ಬೈಯುತ್ತಲೇ ಇದ್ದರು.

ಆ ಕೆಲಸದ ಒಂದು ಕತೆಯನ್ನು ನಾವು ಬೆಳಗ್ಗೆ ನಡೆಯಲು ಹೋಗುವಾಗ ಅವರು ಹೇಳಿದ್ದರು. ಒಂದು ಸಲ ಅಳತೆಯ ಕಾಗದದಲ್ಲಿ ಹಟ್ಟಿಯೊಂದಕ್ಕೆ ಅಲ್ಲಿಯ ಪಟೇಲರ ತಂದೆಯ ಹೆಸರು ಬರೆದು ಬಂದಿತ್ತಂತೆ. ಸರ್ವೆಯವರು ಊರ ಹೆಸರು ಕೇಳಿದ್ದು ಪಟೇಲರ ಜಗಲಿಯ ಮೇಲೆ ಕೂತು, ಹಟ್ಟಿಯವರೆಗೆ ನಡೆದುಹೋಗಿ ಅಲ್ಲ. ಇವರು ಅದನ್ನೇ ಅಂದವಾಗಿ ಬರೆದರು. ಆಮೇಲೆ ಯಾವತ್ತೋ ಆ ಹಟ್ಟಿಯ ಮುದುಕಿಯೊಬ್ಬಳು ಕಚೇರಿಗೆ ಬಂದು ನಕ್ಷೆಯ ಮೇಲೆ ಕೈಯಾಡಿಸಿ, ಇದರಲ್ಲಿ ನಮ್ಮೂರು ಎಲ್ಲವ್ವಾ ಎಂದು ಕೇಳಿದಳಂತೆ. ಇವರು ತೋರಿಸಿದರು. ಅದು ನಮ್ಮೂರಲ್ಲ ಎಂದಳು. ಬೆಟ್ಟ ಇದೇ, ಕೆರೆ ಇದೇ, ಆದರೆ ಊರು ಅಲ್ಲ ಎಂದಳು. ಇವರು ಮೇಲಿನವರ ಮುಂದೆ ನಿಂತು ಜಗಳಾಡಿ, ಅರ್ಜಿಯ ಮೇಲೆ ಅರ್ಜಿ ಬರೆದು, ನಿವೃತ್ತಿಯಾಗುವವರೆಗೂ ಹೊಡೆದಾಡಿದರು. ಆ ಹೆಸರು ಮಾತ್ರ ಅಲ್ಲಾಡಲಿಲ್ಲ. “ಬರೆಯೋಕೆ ಹಿಡಿದಿದ್ದು ಅರ್ಧ ಗಳಿಗೆ ಕಣೆ, ಅಳಿಸೋಕೆ ನನ್ನ ಸರ್ವೀಸು ಸಾಲ್ಲಿಲ್ಲ,” ಎಂದು ಬೆರಳಿಗೆ ಊದಿಕೊಂಡರು.

ಇಷ್ಟು ತಿಳಿದ ಮೇಲೆ ಆ ಇಟಲಿಯವನ ಮೇಲೆ ಅವರಿಗಿದ್ದ ಸಿಟ್ಟು ನನಗೆ ಅರ್ಥವಾಯಿತು. ಅದಕ್ಕೆ ಮುಂಚೆ ನಗು ಬರುತ್ತಿತ್ತು. ಅಮೆರಿಕ ಖಂಡಕ್ಕೆ ಯಾರ ಹೆಸರು ಬಂತೋ ಆ ಇಟಲಿಯ ನಾವಿಕನನ್ನು ಅವರು ಬೈಯುವುದು ಕೇಳಿದರೆ, ಅವನು ಮೈಸೂರಿನಲ್ಲಿ ಇವರ ಸೈಟನ್ನೇ ಒತ್ತುವರಿ ಮಾಡಿದ್ದನೇನೋ ಎನ್ನಿಸಬೇಕು. ಅವನ ಹೆಸರನ್ನು ಅವರು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ‘ಆ ಇಟಲಿಯವನು’, ಅಷ್ಟೆ. ಹೆಸರು ಹೇಳಿದರೆ ಏನಾಗುತ್ತದೆ ಎಂದು ಕೆಣಕಿದೆ. “ಐನೂರು ವರ್ಷದಿಂದ ದಿನಾ ಕೋಟಿಗಟ್ಟಲೆ ಜನ ಅವನ ಹೆಸರು ಹೇಳ್ತಿದಾರೆ. ನಾನೊಬ್ಬಳು ಹೇಳದಿದ್ರೆ ಅವನ ಗಂಟೇನು ಹೋಗತ್ತೆ?” ಎಂದರು. ಅವರ ಪ್ರೀತಿಗಾಗಿ ನಾನೂ ಇಲ್ಲಿ ಅವನ ಹೆಸರು ಬರೆಯುತ್ತಿಲ್ಲ. ತಿಳಿಯಬೇಕಾದವರಿಗೆ ಆ ಖಂಡವೇ ಹೇಳುತ್ತದೆ.

ಭಾನುವಾರದ ಕನ್ನಡ ತರಗತಿಗೆ ಟೀಚರು ಸಿಗುತ್ತಿರಲಿಲ್ಲವಾದ್ದರಿಂದ ಇವರನ್ನು ಒಪ್ಪಿಸಿದ್ದು ನಾನೇ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಇವರು ಮೊದಲ ಪಾಠಕ್ಕೇ ಗೋಡೆಗೆ ಭೂಪಟ ತೂಗುಹಾಕಿದರು. ಆ ಇಟಲಿಯವನು ಹೋದಾಗ ಅಲ್ಲಿ ಜನ ಇದ್ದರೋ ಇಲ್ಲವೋ ಎಂದು ಕೇಳಿದರು. ಇದ್ದರು ಎಂದವು ಮಕ್ಕಳು. ಹಾಗಾದರೆ ಅವರು ತಮ್ಮ ನೆಲವನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದರು. ಅದನ್ನು ಹುಡುಕಿಕೊಂಡು ಬರುವುದೇ ಹೋಂವರ್ಕ್ ಎಂದರು. ಅಆಇಈ ಕಲಿಸಿ ಎಂದರೆ ಇದೇನು ಎಂದು ಅಪ್ಪಅಮ್ಮಂದಿರು ನನ್ನ ಮೇಲೆ ಬಿದ್ದರು. ಮಕ್ಕಳು ಮಾತ್ರ ಮುಂದಿನ ವಾರ ಒಂದೂ ತಪ್ಪಿಸಿಕೊಳ್ಳದೆ ಬಂದವು, ಅದೂ ನಾಲ್ಕಾರು ಹೆಸರು ಹೊತ್ತುಕೊಂಡು.

ಒಮ್ಮೆ ಎಲ್ಲರೂ ಸೇರಿ ಮಲಾಕಕ್ಕೆ ಬಸ್ಸು ಮಾಡಿಕೊಂಡು ಹೋಗಿದ್ದೆವು. ಕೋಟೆಯ ಬಾಗಿಲ ಬಳಿ ಗೈಡು ಒಬ್ಬ ಆಳಿನ ಕತೆ ಹೇಳಿದ. ಪೋರ್ಚುಗೀಸ್ ಕಪ್ತಾನನೊಬ್ಬ ಇಲ್ಲಿಂದ ಒಯ್ದ ಗುಲಾಮ. ಅದೇ ಕಪ್ತಾನ ಮುಂದೆ ಪಶ್ಚಿಮಕ್ಕೆ ಹಡಗು ನಡೆಸಿ ಈ ಕಡೆಯ ದ್ವೀಪಗಳನ್ನು ಮುಟ್ಟಿದಾಗ ಇವನೂ ಜೊತೆಗಿದ್ದ. ಹಾಗಾಗಿ ಭೂಮಿಯನ್ನು ಮೊದಲು ಸುತ್ತಿ ಬಂದವನು ಇವನೇ ಇರಬಹುದು ಎನ್ನುತ್ತಾರೆ ಎಂದ. ಇವರು ಕೂಡಲೇ ಅವನ ಹೆಸರು ಕೇಳಿದರು. ಒಡೆಯರು ಇಟ್ಟ ಹೆಸರನ್ನು ಗೈಡು ಹೇಳಿದ. ಅದಲ್ಲ, ಅವನ ತಾಯಿ ಇಟ್ಟದ್ದು ಏನು ಎಂದು ಇವರು ಬಿಡಲಿಲ್ಲ. ಅದು ಯಾರಿಗೂ ಗೊತ್ತಿಲ್ಲ ಎಂದ ಗೈಡು. ಉಳಿದವರೆಲ್ಲ ಫೋಟೊ ತೆಗೆಸಿಕೊಳ್ಳಲು ಹೋದರು. ಇವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಸುತ್ತಿದವನಿಗೆ ಹೆಸರೇ ಇಲ್ಲ, ದಡ ನೋಡಿ ಬಂದವನ ಹೆಸರಿಗೆ ಎರಡು ಖಂಡ ಎಂದು ಬಸ್ಸು ಹತ್ತುವವರೆಗೂ ಗೊಣಗುತ್ತಿದ್ದರು.

ರಾಜ್ಯೋತ್ಸವದಂದು ಇಲ್ಲಿಯ ಭಾರತೀಯರ ಪೇಟೆಯಾದ ಬ್ರಿಕ್‌ಫೀಲ್ಡ್ಸ್‌ನ ಸಭಾಂಗಣದಲ್ಲಿ ಅವರಿಗೆ ಶಾಲು, ಹಾರ, ಫಲತಾಂಬೂಲ ಎಂದು ನಮ್ಮವರು ನಿರ್ಧರಿಸಿದ್ದರು. ವೇದಿಕೆಗೆ ಕರೆದಾಗ ಇವರು ಕೂತಲ್ಲಿಂದ ಏಳಲಿಲ್ಲ. ಈ ಸೆಕೆಯಲ್ಲಿ ಶಾಲು ಹೊದಿಸಿ ನನ್ನನ್ನು ಬೇಯಿಸಬೇಡಿ, ಹಣ್ಣಿನ ಬುಟ್ಟಿ ಬೇಕಾದರೆ ಮಕ್ಕಳಿಗೆ ಕೊಡಿ ಎಂದು ಅಲ್ಲಿಂದಲೇ ಹೇಳಿದರು. ಸಭೆ ನಕ್ಕಿತು, ಪದಾಧಿಕಾರಿಗಳು ನಗಲಿಲ್ಲ. ಮಗಳಿಗೆ ಅಳುವಷ್ಟು ಅವಮಾನವಾಯಿತು. ನನಗಂತೂ ಎದ್ದು ಸಿಳ್ಳೆ ಹಾಕಬೇಕೆನ್ನಿಸಿತು.

ಇನ್ನು ಲೆಚ್ಚುಮಿಯ ವಿಷಯಕ್ಕೆ ಬರುತ್ತೇನೆ.

ನಮ್ಮವರಲ್ಲಿ ಒಂದು ರೂಢಿಯಿದೆ. ಪುಚೊಂಗ್‌ಗೆ ಹೊಸದಾಗಿ ಬಂದವರಿಗೆ ಎಲ್ಲಿ ಏನು ಸಿಗುತ್ತದೆಂದು ಗೊತ್ತಿರುವುದಿಲ್ಲ. ಯಾರೋ ಒಬ್ಬ ಕನ್ನಡಿಗ ಒಂದು ಅಂಗಡಿಯನ್ನು ಮೊದಲು ಕಂಡು ಉಳಿದವರಿಗೆ ಹೇಳುತ್ತಾನೆ. ಅಲ್ಲಿಂದಾಚೆ ಆ ಅಂಗಡಿ ಅವನ ಹೆಸರಿನದು. ರಾತ್ರಿಯೆಲ್ಲ ಚಹಾ ಸಿಗುವ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲ್ಲು ನಮಗೆ ‘ಗಿರೀಶ್ ಮಾಮಕ್’. ಬ್ರಿಕ್‌ಫೀಲ್ಡ್ಸ್‌ನಲ್ಲಿ ‘ಭಟ್ರ ಹೂವಿನಂಗಡಿ’ ಇದೆ, ಹೂ ಮಾರುವವರಿಗೂ ಭಟ್ಟರಿಗೂ ಯಾವ ನಂಟೂ ಇಲ್ಲ, ಭಟ್ಟರು ಅಲ್ಲಿ ಮೊದಲು ಮಲ್ಲಿಗೆ ಕೊಂಡವರು ಅಷ್ಟೆ. ಅಂಗಡಿಯವರ ಹೆಸರೇನೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅವರು ನಮಗಿಂತ ಎಷ್ಟೋ ಮುಂಚಿನಿಂದ ಅಲ್ಲೇ ಇದ್ದಾರೆ ಎಂಬುದೂ ಹೊಳೆಯುವುದಿಲ್ಲ.

ಲೆಚ್ಚುಮಿಯದು ಅಂಗಡಿ ಸಾಲಿನ ಹಿಂದೆ, ದೊಡ್ಡ ಮಳೆಮರದ ಕೆಳಗೆ ತಗಡು ಹೊದಿಸಿದ ಪುಟ್ಟ ದೋಸೆಯಂಗಡಿ. ಈಗ ನಮ್ಮ ಕಾಂಡೋ ನಿಂತಿರುವ ಜಾಗ ಒಂದು ಕಾಲಕ್ಕೆ ರಬ್ಬರ್ ತೋಟ, ಆಕೆ ಹುಟ್ಟಿದ್ದು ಆ ತೋಟದ ಕೂಲಿಗಳ ಲೈನ್ ಮನೆಯಲ್ಲಿ. ಅಲ್ಲಿಗೆ ಮೊದಲು ಹೋದ ಕನ್ನಡಿಗ ನಮ್ಮ ಪ್ರಸಾದ್. ದಪ್ಪಗೆ ಮೆತ್ತಗೆ ಹುಯ್ದುಕೊಡಿ ಎಂದು ಕೇಳಿ ತಿಂದು, ಸೆಟ್ ದೋಸೆ ಸಿಕ್ಕಿತು ಎಂದು ಗುಂಪಿನಲ್ಲಿ ಸಾರಿದ. ಗುಂಪಿನ ಅಡ್ಮಿನ್ ಕಿರಣ್ ಉತ್ಸಾಹದ ಹುಡುಗ. ಎಲ್ಲರೂ ದಾರಿ ಕೇಳುತ್ತಾರೆಂದು ಆ ಜಾಗವನ್ನು ಫೋನಿನ ನಕ್ಷೆಗೇ ಸೇರಿಸಿಬಿಟ್ಟ. ‘ಪ್ರಸಾದ್ ದೋಸೆ ಕಾರ್ನರ್’. ದಾರಿ ತಪ್ಪಿದವರು ಕೇಳಲಿ ಎಂದು ಪ್ರಸಾದನ ಫೋನ್ ನಂಬರನ್ನೂ ಹಾಕಿದ. ನಾವೆಲ್ಲ ತಿಂದು ಬಂದು ನಕ್ಷೆಯಲ್ಲಿ ಸ್ಟಾರ್‌ಗಳನ್ನು ಕೊಟ್ಟೆವು, ಪ್ರಸಾದನನ್ನು ಹೊಗಳಿ ಬರೆದೆವು. ದೋಸೆ ಹುಯ್ಯುವವಳು ಯಾರು ಎಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಇವರು ಮೊದಲ ದಿನ ಹೋದಾಗ ದೋಸೆ ಹೇಳಲಿಲ್ಲ. ತಮ್ಮ ಮೈಸೂರು ತಮಿಳಿನಲ್ಲಿ ಆಕೆಯ ಹೆಸರು ಕೇಳಿದರು, ತಮ್ಮ ಹೆಸರು ಹೇಳಿದರು. ಲೆಚ್ಚುಮಿ ಕಾವಲಿ ಒರೆಸುವುದನ್ನು ನಿಲ್ಲಿಸಿ ಇವರನ್ನೇ ನೋಡಿದರು. ಆ ಮುಖದಲ್ಲಿ ಆ ಕ್ಷಣ ಒಂದು ಗತ್ತು ಬಂತು. ಆಮೇಲೆ ದಿನಾ ಬೆಳಗ್ಗೆ ರಸ್ತೆಯ ಆಚೆಯಿಂದಲೇ ಇವರು “ಲೆಚ್ಚುಮಿ” ಎಂದು ಕೂಗುವುದು, ಆಕೆ ಇವರ ಹೆಸರಿಗೊಂದು ಅಕ್ಕ ಸೇರಿಸಿ ಓಗೊಡುವುದು. ಇಡೀ ಮಲೇಷ್ಯಾದಲ್ಲಿ ಇವರನ್ನು ಅಷ್ಟು ಬಾಯ್ತುಂಬ ಹೆಸರು ಹಿಡಿದು ಕರೆಯುತ್ತಿದ್ದದ್ದು ಲೆಚ್ಚುಮಿ ಒಬ್ಬರೇ.

ಒಂದು ಬೆಳಗ್ಗೆ ನಾವು ಹೋದಾಗ ಲೆಚ್ಚುಮಿಯ ಮುಖ ಬಾಡಿತ್ತು. ಮಳೆಮರದ ಕೆಳಗಿನ ಅಂಗಡಿಗಳನ್ನೆಲ್ಲ ತೆಗೆಸಿ ಪಾರ್ಕಿಂಗ್ ಮಾಡುತ್ತಾರೆ. ರಸ್ತೆಯ ಆಚೆ ಒಬ್ಬ ತೌಕೆ, ಎಂದರೆ ಚೀನೀ ಮಾಲೀಕ, ಸೂರು ಹಾಕಿ ತಿಂಡಿಯಂಗಡಿಗಳ ಹೊಸ ಸಾಲು ಕಟ್ಟಿಸುತ್ತಿದ್ದಾನೆ. ಲೆಚ್ಚುಮಿ ಅಲ್ಲಿ ಒಂದು ಜಾಗ ಕೇಳಲು ಹೋಗಿದ್ದಾರೆ. ದೋಸೆಗೆ ಇಟ್ಟ ಜಾಗ ಆಗಲೇ ಹೋಯಿತು, ಹೆಸರಾಂತ ಅಂಗಡಿಗೆ ಕೊಟ್ಟೆ ಎಂದು ತೌಕೆ ಫೋನು ತೋರಿಸಿದ್ದಾನೆ. ‘ಪ್ರಸಾದ್ ದೋಸೆ ಕಾರ್ನರ್’. ಅದು ನನ್ನದೇ ಅಂಗಡಿ ಎಂದು ಲೆಚ್ಚುಮಿ ಹೇಳಿದ್ದಾರೆ. ಹಾಗಾದರೆ ಇದು ನಿನ್ನ ನಂಬರೇ ಎಂದು ಅವನು ಕೇಳಿದ್ದಾನೆ. ಅಲ್ಲ, ಅದು ಪ್ರಸಾದನ ನಂಬರು. ತೌಕೆ ಅದಕ್ಕೆ ಫೋನು ಮಾಡಿದ್ದಾನೆ, ಪ್ರಸಾದ್ ಹೂಂ ಎಂದಿದ್ದಾನೆ.

ಇವರು ಅಲ್ಲಿಂದ ನೇರ ತೌಕೆಯ ಕಚೇರಿಗೆ ನಡೆದರು. ಹಿಂದೆ ಲೆಚ್ಚುಮಿ, ಅವರ ಹಿಂದೆ ನಾನು. ತೌಕೆ ಕೆಟ್ಟವನಲ್ಲ, ಕೂರಿಸಿ ಐಸ್ ಹಾಕಿದ ಚಹಾ ಕೊಟ್ಟ. ಇವರು ಸರ್ಕಾರಿ ಕಚೇರಿಯ ಇಂಗ್ಲಿಷಿನಲ್ಲಿ ವಿಷಯವನ್ನೆಲ್ಲ ಬಿಡಿಸಿ ಹೇಳಿದರು. ಅವನು ತಲೆ ಕೆರೆದುಕೊಂಡು ಫೋನನ್ನು ಮುಂದೆ ಹಿಡಿದು, ಇಲ್ಲಿಯವರ ಇಂಗ್ಲಿಷಿನಲ್ಲಿ, “ಆಂಟಿ, ಮ್ಯಾಪ್ ಸೇ ಪ್ರಸಾದ್ ಲಾ,” ಎಂದ. ಇವರು ಬೆರಳಿಗೆ ಊದಿಕೊಂಡರು. ನಕ್ಷೆ ತಾನಾಗಿ ಏನೂ ಹೇಳುವುದಿಲ್ಲ, ಅದಕ್ಕೆ ಯಾರೋ ಹೇಳಿಕೊಟ್ಟಿರುತ್ತಾರೆ ಎಂದರು. ಹಾಗಾದರೆ ಪ್ರಸಾದನೇ ಬಂದು ಹೇಳಲಿ, ಕೊಡುತ್ತೇನೆ ಎಂದ ಅವನು. ನ್ಯಾಯವಾದ ಮಾತೇ ಆಗಿತ್ತು.

ಪಲ್ಲವಿಗೆ ಸುದ್ದಿ ತಿಳಿದು ಅವರ ಮನೆಯಲ್ಲಿ ರಂಪವಾಯಿತು. ನಾವು ಇಲ್ಲಿ ಕೆಲಸದ ಪಾಸಿನ ಮೇಲೆ ಇರುವವರು, ಪರದೇಶದ ವ್ಯವಹಾರದಲ್ಲಿ ಮೂಗು ತೂರಿಸಿ ಏನಾದರೂ ಹೆಚ್ಚುಕಮ್ಮಿಯಾದರೆ ಗತಿ ಏನು, ನಾಳೆ ನಿಮ್ಮನ್ನು ವಿಮಾನ ಹತ್ತಿಸಿ ಕಳಿಸಿದರೆ ಏನು ಮಾಡುತ್ತೀರಿ ಎಂದು ಮಗಳು ಕೇಳುವುದು ಎದುರು ಮನೆಯ ನನಗೂ ಕೇಳಿಸಿತು. ಮೈಸೂರಿಗೆ ಟಿಕೆಟ್ ಖರ್ಚು ಉಳಿಯುತ್ತದೆ ಎಂದರಂತೆ ಇವರು.

ಅಂದು ಸಂಜೆ ಕಿರಣನನ್ನು ಕರೆಸಿದರು. ಅವನು ಆಗಲೇ ಹೆಸರು ತಿದ್ದಲು ಹೋಗಿ ಸೋತಿದ್ದ. ಅಷ್ಟು ಜನ ಅದೇ ಹೆಸರಿನಲ್ಲಿ ಹೊಗಳಿ ಬರೆದಿರುವಾಗ ಒಬ್ಬನ ಮಾತಿಗೆ ನಕ್ಷೆ ಬಗ್ಗಲಿಲ್ಲ. ಹುಡುಗ ಕುಗ್ಗಿಹೋಗಿದ್ದ. ಇವರು ಅವನನ್ನು ಆ ಇಟಲಿಯವನಿಗೆ ಹೋಲಿಸಿ ಬೈಯಲು ಶುರುಮಾಡಿದಾಗ ಅವನು ಮೆಲ್ಲಗೆ ತಡೆದ. “ಅಮ್ಮಾ, ನಾನು ಓದಿ ನೋಡ್ದೆ. ಅವನು ಹೆಸರಿಟ್ಟುಕೊಂಡಿಲ್ಲ. ಎಲ್ಲೋ ಒಳನಾಡಲ್ಲಿ ಕೂತು ನಕ್ಷೆ ಬರೆಯೋನೊಬ್ಬ ಇಟ್ಟಿದ್ದು. ಆಮೇಲೆ ತಪ್ಪಾಯ್ತು ಅನ್ನಿಸ್ತೋ ಏನೋ, ಮುಂದಿನ ನಕ್ಷೇಲಿ ಆ ಹೆಸರು ಬಿಟ್ಟ. ಅಷ್ಟೊತ್ತಿಗೆ ಊರೆಲ್ಲ ಹರಡಿತ್ತು,” ಎಂದ.

ಅವರು ಬೈಯುವುದನ್ನು ಅಲ್ಲಿಗೇ ಬಿಟ್ಟರು. ತಮ್ಮ ಬೆರಳಿನ ಗಂಟನ್ನು ಇನ್ನೊಂದು ಕೈಯಿಂದ ಉಜ್ಜುತ್ತಾ ಕೂತರು. “ಇಷ್ಟು ವರ್ಷ ತಪ್ಪು ಮನುಷ್ಯನ್ನ ಬೈದೆನಲ್ಲೋ. ಬೈಬೇಕಾಗಿದ್ದು ನನ್ನ ಕಸುಬಿನೋನನ್ನ,” ಎಂದರು. ಮತ್ತೆ ಕಿರಣನನ್ನು ನೋಡಿ, “ನೀನೂ ನಾನೂ ಅವನ ಪೈಕಿಯೇ. ಏಳು, ಪ್ರಸಾದನ ಮನೆಗೆ ಹೋಗೋಣ,” ಎಂದು ಬೂಟು ಹಾಕಿಕೊಂಡರು.

ಪ್ರಸಾದನನ್ನು ನಾನು ಖಳನಾಯಕ ಮಾಡುವುದಿಲ್ಲ. ಅವನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು, ಕೆಲಸ ಹೋದರೆ ಪಾಸು ಹೋಗುತ್ತದೆ, ಮಕ್ಕಳ ಶಾಲೆ ಹೋಗುತ್ತದೆ. ತೌಕೆಯ ಕರೆ ಅವನಿಗೆ ದೇವರು ಕೊಟ್ಟ ವರದಂತೆ ಕಂಡಿತ್ತು. ಅಡುಗೆಯವನನ್ನು ತೌಕೆ ಇಡುತ್ತಾನೆ, ಇವನು ಹೆಸರು ಕೊಟ್ಟರೆ ಸಾಕು. ಲೆಚ್ಚುಮಿಗೆ ಬೇರೆಲ್ಲಾದರೂ ಜಾಗ ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಮ್ಮನ್ನು ಬಾಗಿಲಲ್ಲಿ ನೋಡಿದಾಗಲೇ ಅವನಿಗೆ ವಿಷಯ ಗೊತ್ತಾಯಿತು. ಕೂರಿ ಎಂದ. ಇವರು ಕೂರಲಿಲ್ಲ.

“ನನ್ನ ಹೆಸರಿಡಿ ಅಂತ ನಾನೇನು ಕೇಳಿದ್ನಾ ಅಮ್ಮಾ? ಜನ ಇಟ್ರು,” ಎಂದ ಪ್ರಸಾದ್.

“ಇಟ್ಟಿದ್ದು ಅವರ ತಪ್ಪು. ಇಟ್ಕೊಂಡ್ರೆ ನಿಮ್ಮ ತಪ್ಪು,” ಎಂದರು ಇವರು. ದನಿ ಏರಿರಲಿಲ್ಲ. “ಆ ಇಟಲಿಯವನಿಗೆ ತನ್ನ ಹೆಸರಿಟ್ಟ ವಿಷಯ ಗೊತ್ತಾಯ್ತೋ ಇಲ್ವೋ, ಸತ್ತುಹೋದ. ಅವನನ್ನ ಕೇಳೋ ಹಾಗಿಲ್ಲ. ನೀವು ಬದುಕಿದೀರಿ, ಫೋನ್ ನಿಮ್ಮ ಕೈಲೇ ಇದೆ.”

ಪ್ರಸಾದನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಮ್ಮ ಗತಿ ಏನು ಎಂದು ಅವನು ಕೇಳಿದ. ಆ ಪ್ರಶ್ನೆಯಲ್ಲಿ ನಾಟಕವಿರಲಿಲ್ಲ. ಇವರೂ ಅದಕ್ಕೆ ಸುಳ್ಳು ಸಮಾಧಾನ ಹೇಳಲಿಲ್ಲ. ಗೊತ್ತಿಲ್ಲ ಎಂದರು, ಕೆಲಸ ಹೋದರೆ ನಾವೆಲ್ಲ ಜೊತೆಗೆ ನಿಂತು ದಾರಿ ಹುಡುಕೋಣ ಎಂದರು. ಆದರೆ ನಿಮ್ಮ ದೋಸೆ ಎಂದು ಊರೆಲ್ಲ ಹೊಗಳಿದ್ದನ್ನು ನೀವು ಒಂದು ದಿನವೂ ಹುಯ್ದವರಲ್ಲ, ಅಷ್ಟು ನಿಮಗೂ ಗೊತ್ತು, ನನಗೂ ಗೊತ್ತು ಎಂದರು. ಅವನ ಹೆಂಡತಿ ಒಳಗೆ ಹೋಗಿ ಅವನ ಫೋನು ತಂದು ಅವನ ಮುಂದೆ ಇಟ್ಟಳು. ಅವನು ನಮ್ಮೆದುರೇ ತೌಕೆಗೆ ಕರೆ ಮಾಡಿದ. ಅಂಗಡಿ ನನ್ನದಲ್ಲ, ಲೆಚ್ಚುಮಿಯದು, ನಾನು ಅಲ್ಲಿ ತಿನ್ನುವವನು ಎಂದ. ಅಷ್ಟು ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಅಂದಿನಿಂದ ನನಗೆ ಪ್ರಸಾದನ ಮೇಲೆ ಗೌರವ.

ಲೆಚ್ಚುಮಿಗೆ ಜಾಗ ಸಿಕ್ಕಿತು. ಬೋರ್ಡಿಗೆ ಏನು ಬರೆಯಲಿ ಎಂದು ಇವರು ಕೇಳಿದರು. ಅಕ್ಕ ನೀವೇ ಒಂದು ಒಳ್ಳೆಯ ಹೆಸರಿಡಿ ಎಂದರು ಲೆಚ್ಚುಮಿ. ಅದೊಂದು ಮಾತ್ರ ನನ್ನ ಕೈಲಿ ಆಗದು, ನಿಮ್ಮ ಅಂಗಡಿಗೆ ನೀವೇ ಇಡಬೇಕು ಎಂದು ಇವರು ಕುಂಚ ಹಿಡಿದು ಕಾದರು. ಆಕೆ ಯೋಚಿಸಿ ಯೋಚಿಸಿ, ನಾಚಿಕೊಂಡು, ನನ್ನ ಹೆಸರೇ ಇರಲಿ ಎಂದರು. ಇವರು ಮಲಯದಲ್ಲೂ ತಮಿಳಿನಲ್ಲೂ ಒಂದೇ ಅಳತೆಯ ಅಕ್ಷರಗಳಲ್ಲಿ ಬರೆದರು. ತಮಿಳು ಲಿಪಿಯನ್ನು ಲೆಚ್ಚುಮಿಯ ಮಗಳು ಬರೆದುಕೊಟ್ಟದ್ದನ್ನು ನೋಡಿಕೊಂಡು ತಿದ್ದಿದರು. ಬರೆದು ಮುಗಿಸಿ ಹಸಿ ಬಣ್ಣಕ್ಕೆ ಊದಿದರು. ಆ ಊದುವಿಕೆಯಲ್ಲಿ ಸಿಟ್ಟಿರಲಿಲ್ಲ. ಫೋನಿನ ನಕ್ಷೆಯ ಹೆಸರು ಬದಲಾಯಿಸಲು ಗುಂಪಿನವರೆಲ್ಲ ತಿದ್ದುಪಡಿ ಕಳಿಸುವಂತೆ ಅವರು ಬೆನ್ನು ಬಿದ್ದ ಪರಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಲಿಫ್ಟಿನಲ್ಲಿ ಸಿಕ್ಕ ಸಿಕ್ಕವರನ್ನು ಹಿಡಿದು, ಕಳಿಸಿದಿರಾ, ತೋರಿಸಿ ಎನ್ನುತ್ತಿದ್ದರು. ಜನ ಮೆಟ್ಟಿಲು ಹತ್ತತೊಡಗಿದರು. ಕೊನೆಗೂ ನಕ್ಷೆ ಸೋತಿತು. ಆದರೂ ನಮ್ಮವರ ಬಾಯಲ್ಲಿ ಇಂದಿಗೂ ಒಮ್ಮೊಮ್ಮೆ ‘ಪ್ರಸಾದ್ ದೋಸೆ’ ಬರುತ್ತದೆ, ಆಗ ಪ್ರಸಾದನೇ ತಿದ್ದುತ್ತಾನೆ.

ಮೊಣಕಾಲು ನೋವು ಹೆಚ್ಚಾಗಿ ಅವರು ಮೈಸೂರಿಗೆ ಮರಳುವ ಮುಂಚೆ ಒಂದು ಬೆಳಗ್ಗೆ ಲೆಚ್ಚುಮಿಯ ಹೊಸ ಸೂರಿನ ಕೆಳಗೆ ಕೂತಿದ್ದೆವು. “ನಾನು ಸತ್ಮೇಲೆ ನೀವೆಲ್ಲ ಯಾವ್ದಾದ್ರೂ ಒಂದಕ್ಕೆ ನನ್ನ ಹೆಸರು ಅಂಟಿಸ್ತೀರಿ. ನಂಗೊತ್ತು ನಿಮ್ಮ ಬುದ್ಧಿ. ನೀನು ಬಿಡಬೇಡ,” ಎಂದರು. ನೀವು ಕಲಿಸಿದ ಕೋಣೆಗೆ ನಿಮ್ಮ ಹೆಸರಿದ್ದರೆ ಯಾರ ಆಸ್ತಿ ಹೋಗುತ್ತದೆ ಎಂದು ನಾನು ವಾದಿಸಿದೆ. ಆ ಕೋಣೆಯನ್ನು ದಿನಾ ಗುಡಿಸುವವಳ ಹೆಸರೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

“ನನ್ನ ಹೆಸರು ಇರೋದು ನನ್ನನ್ನ ಕರೆಯೋಕೆ ಕಣೆ. ತಿರುಗಿ ನೋಡೋಕೆ ನಾನೇ ಇಲ್ದಮೇಲೆ ಗೋಡೆಗೆ ಯಾಕದು?” ಎಂದರು.

ಮರುದಿನ ಹೋಗಿ ಕೇಳಿದೆ. ಇಂಡೋನೇಷ್ಯಾದ ಹೆಂಗಸು, ಹೆಸರು ಯಾನಿ. ಈಗ ನಾವು ದಿನಾ ಮಾತಾಡುತ್ತೇವೆ.

ಸಾವಿನ ಸುದ್ದಿಯನ್ನು ಲೆಚ್ಚುಮಿಗೆ ಹೇಳಿದ್ದು ನಾನೇ. ತಿಂಡಿಯ ಹೊತ್ತು, ಮುಂದೆ ಗಿರಾಕಿಗಳ ಸಾಲು. ಆಕೆ ಒಲೆ ಆರಿಸಿದರು. ಅವರ ಹೆಸರನ್ನು ಒಮ್ಮೆ, ರಸ್ತೆಯ ಆಚೆಗೆ ಕೂಗುವಷ್ಟು ಜೋರಾಗಿ ಕರೆದರು. ಓಗೊಡುವವರು ಇರಲಿಲ್ಲ. ನಾನು ಸಾಲಿನಲ್ಲಿ ನಿಂತವರ ಎದುರೇ ಬಿಕ್ಕಿ ಬಿಕ್ಕಿ ಅತ್ತೆ. ಇಂಥ ಇನ್ನೊಬ್ಬರು ನನಗೆ ಸಿಗುವುದಿಲ್ಲ.

ಫಲಕದ ಮಾತು ಸದ್ಯಕ್ಕೆ ನಿಂತಿದೆ. ನಿಲ್ಲಿಸಿದ್ದು ನನ್ನ ಜಗಳವಲ್ಲ, ಗುಂಪಿನಲ್ಲಿ ಪ್ರಸಾದ್ ಬರೆದ ಎರಡು ಸಾಲು. ನನ್ನ ಹೆಸರನ್ನು ಒಮ್ಮೆ ಅಂಟಿಸಿದಿರಿ, ಕೀಳಲು ಎಷ್ಟು ಪಾಡುಪಟ್ಟೆವು ಎಲ್ಲರಿಗೂ ಗೊತ್ತು, ಅವರು ಬೇಡ ಎಂದಿದ್ದರೆ ಬೇಡ ಎಂದು ಬರೆದ. ಕಿರಣ್ ಅದಕ್ಕೆ ಹೆಬ್ಬೆರಳು ಎತ್ತಿದ. ಆದರೆ ಮಾತು ನಿಂತಿದೆಯೇ ಹೊರತು ಸತ್ತಿಲ್ಲ, ನಮ್ಮವರನ್ನು ನಾನು ಬಲ್ಲೆ. ವರ್ಷದ ತಿಥಿಗೆ ಯಾರಾದರೂ ಮತ್ತೆ ಎತ್ತುತ್ತಾರೆ. ಎತ್ತಲಿ. ನಾನು ಇದೇ ಕಾಂಡೋದಲ್ಲಿ ಇದ್ದೇನೆ, ಆ ಕೋಣೆಯ ಬಾಗಿಲಿಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ.

ಅವರ ಹೆಸರು ತಿಳಿಯಲೇಬೇಕು ಎನ್ನುವವರು ಪುಚೊಂಗ್‌ಗೆ ಬನ್ನಿ. ಮಳೆಮರದ ಎದುರಿನ ಸೂರಿನ ಕೆಳಗೆ ಕೈಬರಹದ ಬೋರ್ಡಿರುವ ಅಂಗಡಿ ಒಂದೇ ಇದೆ. ದೋಸೆ ತಿಂದು ಕೇಳಿ, ಆಕೆ ಹೇಳುತ್ತಾರೆ. ಆದರೆ ಅದಕ್ಕೂ ಮುಂಚೆ, ಹಲೋ ಎನ್ನದೆ, ಆಂಟಿ ಎನ್ನದೆ, ಆಕೆಯನ್ನು ಲೆಚ್ಚುಮಿ ಎಂದು ಹೆಸರು ಹಿಡಿದು ಕರೆಯಿರಿ. ಇಲ್ಲವಾದರೆ ಹೇಳುವುದಿಲ್ಲ. ಹೇಳಬೇಡಿ ಎಂದು ನಾನೇ ತಾಕೀತು ಮಾಡಿಟ್ಟಿದ್ದೇನೆ.